ಇಪ್ಪತ್ತೊಂದನೇ ಸುತ್ತಿನ ಹಲಗೆ

ನಮ್ಮೂರಿನ ಮಳೆಕೇರಿಯಲ್ಲಿ ಮಳೆ ನಿಲ್ಲುವುದಿಲ್ಲ, ಬಿಸಿಲುಕೇರಿಯಲ್ಲಿ ಮಳೆ ಬೀಳುವುದಿಲ್ಲ. ಎರಡರ ನಡುವಿನ ಗಡಿಗೆ ನಾವು ಗೆರೆ ಅನ್ನುತ್ತೇವೆ. ಅಂಚೆ ಕಚೇರಿ ಇರುವುದು ಗೆರೆಯ ಮೇಲೆಯೇ. ಅದರ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆದು ಕೊಡೆಗಳನ್ನು ತೂಗುಹಾಕಿದ್ದಾರೆ. ಯಾರ ಕೊಡೆಯನ್ನು ಯಾರು ಬೇಕಾದರೂ ಒಯ್ಯಬಹುದು, ವಾಪಸು ಬರುವಾಗ ತಂದು ಸಿಕ್ಕಿಸಿದರೆ ಆಯಿತು. ಮಳೆಕೇರಿಯವರು ಒಗೆದ ಬಟ್ಟೆಯನ್ನು ಬೆಳಿಗ್ಗೆ ಗಂಟು ಕಟ್ಟಿ ಆಚೆ ಕಳಿಸುತ್ತಾರೆ, ಸಂಜೆಗೆ ಒಣಗಿ ಮಡಿಕೆಯಾಗಿ ಬರುತ್ತದೆ. ಆ ಕಡೆಯಿಂದ ಹಪ್ಪಳ ಸಂಡಿಗೆ ಬರುತ್ತವೆ, ಈ ಕಡೆಯಿಂದ ಕೆಸುವಿನ ಸೊಪ್ಪು ಹೋಗುತ್ತದೆ, ತಳ್ಳುಗಾಡಿಯ ಮೇಲೆ ಡ್ರಮ್ಮುಗಟ್ಟಲೆ ನೀರು ಹೋಗುತ್ತದೆ. ಹೆಣ್ಣು ಕೊಟ್ಟು ತರುವುದೂ ಉಂಟು. ಹಾಗೆ ಗೆರೆ ದಾಟಿ ಹೋದವಳು ನಾನು, ಮಂದಾಕಿನಿ. ಬಿಸಿಲುಕೇರಿಯ ತಿಪ್ಪೇಶಿಯವರ ಹೆಂಡತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಬರೆಯಲು ನನಗೆ ಸಂಕೋಚವಿಲ್ಲ. ಸೀಮೆಸುಣ್ಣದಲ್ಲಿ ಟೈರಿನ ಮೇಲೆ ಬರೆದೂ ಬರೆದೂ ಕೈಗೆ ರೂಢಿಯಾಗಿಬಿಟ್ಟಿದೆ.

ಇಂಥ ಊರಿನಲ್ಲಿ ಕಾರಿನ ಓಟ ನಡೆಯುತ್ತದೆ ಎಂದರೆ ಹೊರಗಿನವರು ಮೊದಲು ನಗುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ ಅವರೇ ಲಾರಿಯಲ್ಲಿ ಕಾರು ಹೇರಿಕೊಂಡು ಬರುತ್ತಾರೆ. ಆರು ಕಿಲೋಮೀಟರಿನ ಸುತ್ತು, ಮೂರು ಬಿಸಿಲಿನಲ್ಲಿ, ಮೂರು ಮಳೆಯಲ್ಲಿ. ಅಂಥ ಇಪ್ಪತ್ತನಾಲ್ಕು ಸುತ್ತು. ಬೇರೆ ಕಡೆ ಎಂಜಿನ್ನು ಗೆಲ್ಲುತ್ತದಂತೆ, ನಮ್ಮಲ್ಲಿ ಗೆಲ್ಲುವುದು ಟೈರು. ಎಲ್ಲ ಕಾರಿಗೂ ಟೈರು ಹೋಗುವುದು ಒಂದೇ ಕಡೆಯಿಂದ, ಮಳೆಕೇರಿಯ ಉಸ್ಮಾನಜ್ಜನ ಷೆಡ್ಡಿನಿಂದ. ಹದಿನೆಂಟು ತುಂಬಿದಾಗ ನಾನು ಅಲ್ಲಿ ರಬ್ಬರು ಕಲಸಲು ಸೇರಿದೆ. ಕಲಸುವುದೆಂದರೆ ಹೆಚ್ಚುಕಡಿಮೆ ಹಿಟ್ಟು ನಾದಿದ ಹಾಗೆಯೇ. ರಬ್ಬರಿಗೆ ಮಸಿ, ಎಣ್ಣೆ, ಗಂಧಕ. ಎಣ್ಣೆ ಮುಂದಾದರೆ ಟೈರು ಮೆತ್ತಗಾಗುತ್ತದೆ, ಮಗು ಸೆರಗು ಹಿಡಿದ ಹಾಗೆ ರಸ್ತೆಯನ್ನು ಹಿಡಿದುಕೊಳ್ಳುತ್ತದೆ, ಆದರೆ ನಾಲ್ಕು ಸುತ್ತಿಗೆ ಸವೆದುಹೋಗುತ್ತದೆ. ಗಂಧಕ ಮುಂದಾದರೆ ಗಟ್ಟಿ. ಬಹಳ ದೂರ ಬಾಳುತ್ತದೆ, ತಿರುವಿನಲ್ಲಿ ಮಾತ್ರ ಕೈಕೊಡುತ್ತದೆ. ಮೆತ್ತನೆಯದಕ್ಕೆ ಕೆಂಪು ಪಟ್ಟಿ, ನಡುವಿನದಕ್ಕೆ ಹಳದಿ, ಗಟ್ಟಿಯದಕ್ಕೆ ಹಸಿರು. ಮಳೆಗೆಂದೇ ಆಳವಾಗಿ ಗೀರಿದ್ದಕ್ಕೆ ನೀಲಿ. ಒಂದು ಓಟದಲ್ಲಿ ಎರಡು ಬಗೆಯನ್ನಾದರೂ ಹಾಕಲೇಬೇಕು ಎಂಬುದು ಮೊದಲಿನಿಂದ ಇದ್ದ ನಿಯಮ. ಹಾಗಾಗಿ ಎಂಥ ಶೂರನೂ ಟೈರು ಬದಲಿಸಲು ಗೆರೆಯ ಪಕ್ಕದ ಪಿಟ್ಟಿಗೆ ಬಂದು ಒಂದು ಸಲ ನಿಲ್ಲಲೇಬೇಕಿತ್ತು.

ಒಂದೊಂದು ಕಾರಿಗೂ ಷೆಡ್ಡಿನಿಂದ ಒಬ್ಬರು ಟೈರು ನೋಡುವವರು ಇರುತ್ತಾರೆ. ಕಾರು ಮಳೆಯಿಂದ ಹೊರಬಿದ್ದು ಪಿಟ್ಟಿನ ಮುಂದೆ ಹಾದುಹೋಗುವ ಆ ಒಂದು ಕ್ಷಣದಲ್ಲಿ ರಬ್ಬರು ಎಷ್ಟು ಉಳಿದಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಅವರ ಕೆಲಸ. ಮುಗಿಯಿತು ಅನ್ನಿಸಿದರೆ ಕೆಂಪು ಹಲಗೆ ಎತ್ತುತ್ತಾರೆ. ಮಳೆಯಲ್ಲಿ ರೇಡಿಯೋ ಬರೀ ಗೊರಗೊರ ಅನ್ನುವುದರಿಂದ ನಮಗೆ ಹಲಗೆಯೇ ಮಾತು. ಅದನ್ನು ಕಂಡ ಡ್ರೈವರು ಮತ್ತೊಂದು ಸುತ್ತು ಹಾಕಿ ಒಳಗೆ ಬರಬೇಕು. ಬರಲೇಬೇಕು ಅಂತೇನಿಲ್ಲ, ಅದು ಅವನಿಗೆ ಬಿಟ್ಟದ್ದು.

ನಮ್ಮದು ಪಿಟ್ಟಿನಲ್ಲಿ ಕುದುರಿದ ಸಂಬಂಧ. ಒಂಬತ್ತನೇ ನಂಬರಿನ ತಿಪ್ಪೇಶಿಯವರ ಕಾರಿಗೆ ನಾನು ಟೈರು ನೋಡುತ್ತಿದ್ದೆ. ನಾನು ಹಲಗೆ ಎತ್ತಿದರೆ ಅವರು ಬರುತ್ತಿದ್ದರು, ಒಂದು ಸಲವೂ ಯಾಕೆ ಅಂತ ಕೇಳಿದವರಲ್ಲ. ಮೂರು ವರ್ಷ ಹೀಗೆ ಬಂದವರು ನಾಲ್ಕನೇ ವರ್ಷ ತಾಯಿಯನ್ನು ಕರೆದುಕೊಂಡು, ಒದ್ದೆಯಾಗದಂತೆ ಬಾಳೆಹಣ್ಣಿನ ಬುಟ್ಟಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಹೆಣ್ಣು ಕೇಳಲು ಬಂದರು. ಮದುವೆಯಾಗಿ ಒಂಬತ್ತು ವರ್ಷ ಬಿಸಿಲುಕೇರಿಯಲ್ಲಿ ಬಾಳಿದೆ. ಮಕ್ಕಳಾಗಲಿಲ್ಲ. ಅದಕ್ಕಾಗಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅತ್ತೆಯಂತೂ ನನ್ನ ಒಡೆದ ತುಟಿಗೆ ಬೆಣ್ಣೆ ಹಚ್ಚುತ್ತ, "ನಮ್ಮ ಬಿಸಿಲು ಈ ಹುಡುಗೀನ ಸುಟ್ಟೇ ಬಿಡ್ತಲ್ಲಪ್ಪಾ" ಅಂತ ಮಗನನ್ನೇ ಗದರುತ್ತಿದ್ದರು.

ಒಂಬತ್ತನೇ ವರ್ಷದ ಓಟದಲ್ಲಿ ಅವರು ಎರಡನೆಯವರಾಗಿ ಓಡುತ್ತಿದ್ದರು. ಹದಿನೇಳನೇ ಸುತ್ತಿನಲ್ಲಿ ನಾನು ಹಲಗೆ ಎತ್ತಿದೆ, ಬರಲಿಲ್ಲ. ಹದಿನೆಂಟರಲ್ಲಿ ಮತ್ತೆ ಎತ್ತಿದೆ, ಬರಲಿಲ್ಲ. ಹತ್ತೊಂಬತ್ತರಲ್ಲಿ ಬಿಸಿಲುಕೇರಿಯ ದೊಡ್ಡ ತಿರುವಿನಲ್ಲಿ ಹಿಂದಿನ ಎಡಗಾಲಿಯ ಟೈರು ಒಡೆದು ಕಾರು ಹುಲ್ಲಿನ ಪಿಂಡಿಗಳ ಮೇಲೆ ಪಲ್ಟಿ ಹೊಡೆಯಿತು. ಭುಜದ ಮೂಳೆ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಓಟದ ಮಂಡಳಿಯವರು, ನೆಂಟರಿಷ್ಟರು ಎಲ್ಲ ಮಂಚದ ಸುತ್ತ ನಿಂತು ಏನಾಯಿತು ಅಂತ ಕೇಳಿದಾಗ ಅವರು, "ಟೈರಿಗೇನೂ ಆಗಿರ್ಲಿಲ್ಲ. ಇವಳು ಸುತ್ತಿಗೊಂದು ಸಲ ಹಲಗೆ ಎತ್ತಿ ಎತ್ತಿ ನನ್ನ ಗಮನ ತಪ್ಪಿಸಿದ್ಲು" ಅಂದುಬಿಟ್ಟರು. ನನ್ನ ಕೈಯಲ್ಲಿ ಅವರಿಗೆಂದು ಕಾಯಿಸಿ ತಂದ ಗಂಜಿ ಇತ್ತು. ಅದನ್ನು ಚಮಚದಲ್ಲಿ ತಿನ್ನಿಸಿ ಮುಗಿಸಿದೆ. ಮೂಳೆ ಕೂಡುವ ತನಕ ಒಂದೂವರೆ ತಿಂಗಳು ಇದ್ದು ಎಲ್ಲ ಸೇವೆಯನ್ನೂ ಮಾಡಿದೆ. ಆಮೇಲೆ ಒಂದು ಬೆಳಿಗ್ಗೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಗೆರೆ ದಾಟಿ, ಷೆಡ್ಡಿನ ಅಟ್ಟದ ಮೇಲಿನ ಕೋಣೆಗೆ ಬಂದೆ. ಉಸ್ಮಾನಜ್ಜ ಅಟ್ಟದಲ್ಲಿದ್ದ ಹಳೆಯ ಅಚ್ಚುಗಳನ್ನು ತೆಗೆಸಿ ಹಾಸಿಗೆಗೆ ಜಾಗ ಮಾಡಿಕೊಟ್ಟರು.

ನಾಲ್ಕು ವರ್ಷ ಕಳೆಯಿತು. ಓಟದ ದಿನ ಒಂಬತ್ತನೇ ನಂಬರು ನನ್ನ ಮುಂದೆಯೇ ಹಾದುಹೋಗುತ್ತಿತ್ತು, ನಾನು ಬೇರೆಯವರ ಟೈರು ನೋಡುತ್ತಿದ್ದೆ. ನೋಡಬಾರದು ಅಂದುಕೊಂಡರೂ ಕಣ್ಣು ಅವರ ಹಿಂದಿನ ಎಡಗಾಲಿಗೆ ಹೋಗುತ್ತಿತ್ತು. ತಿಂಗಳಿಗೊಂದು ಸಲ ಬಟ್ಟೆಗಂಟಿನ ಜೊತೆ ಅತ್ತೆ ಸಂಡಿಗೆ ಕಳಿಸುತ್ತಿದ್ದರು. ನಾನು ಕೆಸುವಿನ ಪತ್ರೊಡೆ ಮಾಡಿ ಕಳಿಸುತ್ತಿದ್ದೆ. ಗಂಡ ಮಾತ್ರ ಬರಲಿಲ್ಲ, ನಾನೂ ಕರೆಯಲಿಲ್ಲ.

ಐದನೇ ವರ್ಷ ಮಂಡಳಿಯವರು ನಿಯಮ ಬದಲಾಯಿಸಿದರು. ಟೈರು ಬದಲಾಯಿಸುವ ಗಡಿಬಿಡಿಯಲ್ಲಿ ಜನರಿಗೆ ಓಟದ ರುಚಿ ಕೆಡುತ್ತದಂತೆ. ಇನ್ನು ಮೇಲೆ ಇಡೀ ಓಟಕ್ಕೆ ಒಂದೇ ಜೊತೆ ಟೈರು, ಬಿಸಿಲಿಗೂ ಅದೇ ಮಳೆಗೂ ಅದೇ. ಟೈರು ಅಪಾಯಕ್ಕೆ ಬಂದಿದೆ ಎಂದು ನೋಡುವವರು ಹಲಗೆ ಎತ್ತಿದರೆ ಮಾತ್ರ ಬದಲಾಯಿಸಬಹುದು, ಆದರೆ ಅದಕ್ಕೆ ದಂಡವಾಗಿ ಪಿಟ್ಟಿನಲ್ಲಿ ಮೂವತ್ತು ಎಣಿಸುವ ತನಕ ನಿಲ್ಲಬೇಕು. ಮೂವತ್ತು ಎಣಿಸುವಷ್ಟರಲ್ಲಿ ಮೂರು ಕಾರು ಮುಂದೆ ಹೋಗಿರುತ್ತವೆ. ಹಲಗೆಯ ತೂಕ ಹೀಗೆ ಏಕಾಏಕಿ ಹೆಚ್ಚಾದ್ದರಿಂದ, ಯಾರು ತಮ್ಮ ಟೈರು ನೋಡಬೇಕು ಎಂಬುದನ್ನು ಡ್ರೈವರೇ ಆರಿಸಿಕೊಳ್ಳಲಿ ಎಂದೂ ಬರೆದಿದ್ದರು.

ಆ ವಾರವೇ ತಿಪ್ಪೇಶಿಯವರು ಷೆಡ್ಡಿಗೆ ಬಂದರು. ಅಂಚೆ ಕಚೇರಿಯಿಂದ ಕಡ್ಡಿ ಮುರಿದ ಕೊಡೆ ಎತ್ತಿಕೊಂಡು ಬಂದಿದ್ದರಿಂದ ಅರ್ಧ ಮೈ ತೊಯ್ದಿತ್ತು. ನಾನು ಟವೆಲು ಕೊಟ್ಟೆ. ತಲೆ ಒರೆಸಿಕೊಳ್ಳುವಾಗ ಎಡಗೈ ಕಿವಿಯಿಂದ ಮೇಲೆ ಏಳಲಿಲ್ಲ. ಮೂಳೆ ಸೊಟ್ಟಗೆ ಕೂಡಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು.

"ನಲವತ್ತಮೂರಾಯ್ತು ಮಂದಾ" ಅಂದರು. "ಇದೇ ಕಡೇ ಓಟ. ಟೀಮಿನವರು ಹೇಳಿಬಿಟ್ಟಿದ್ದಾರೆ."

"ಒಳ್ಳೇದಾಗ್ಲಿ."

"ನನ್ನ ಕಾರಿಗೆ ನೀನೇ ನಿಲ್ಬೇಕು."

"ಗಮನ ತಪ್ಪುತ್ತಲ್ಲ ನಿಮಗೆ" ಅಂದೆ. ನಾಲ್ಕು ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತು, ಬಾಯಿಂದ ಬಿದ್ದಾಗ ಅಷ್ಟೇನೂ ಚೂಪಾಗಿರಲಿಲ್ಲ.

ಅವರು ಟವೆಲನ್ನು ನಿಧಾನವಾಗಿ ಮಡಚಿ ಸ್ಟೂಲಿನ ಮೇಲೆ ಇಟ್ಟರು. "ಆಯ್ತು. ಬೇಡ ಅಂದ್ರೆ ಬೇಡ. ಬೇರೆ ಯಾರನ್ನೂ ಕೇಳಲ್ಲ, ಮಂಡಳಿಯವರು ಯಾರನ್ನ ಹಾಕ್ತಾರೋ ಹಾಕ್ಲಿ." ಬಾಗಿಲ ತನಕ ಹೋದರು. ಒಳಗಿನ ಒಲೆಯ ಪಕ್ಕದಿಂದ ಉಸ್ಮಾನಜ್ಜ, "ತಿಪ್ಪೇಶಪ್ಪಾ, ಯಾವ ಟೈರು ಹಾಕ್ಬೇಕು ಅಂತಿದ್ದೀಯ?" ಅಂತ ಕೂಗಿದರು. ಅವರು ನಿಂತು, "ಗಟ್ಟೀದು ಹಾಕೋಣ ಅಂತ, ಅಜ್ಜಾ. ಇಪ್ಪತ್ತನಾಲ್ಕು ಸುತ್ತು ಬರ್ಬೇಕಲ್ಲ" ಅಂದರು.

"ಗಟ್ಟೀದು ಹಾಕಿದ್ರೆ ಮಳೇಲಿ ಮೊದಲ್ನೇ ತಿರುವಿಗೇ ಜಾರಿ ಕೆರೆಗೆ ಹೋಗ್ತೀರಿ" ಅಂದೆ ನಾನು. ತಡೆದುಕೊಳ್ಳಲಾಗಲಿಲ್ಲ. "ಹಳದಿ ಹಾಕಿ. ನಾನು ಗೀರಿಕೊಡ್ತೀನಿ. ಮೇಲೆ ಮೇಲೆ ಗೀರಿದ್ರೆ ನೀರೂ ಹೋಗುತ್ತೆ, ಬಿಸಿಲಿಗೂ ತಡೆಯುತ್ತೆ."

ಉಸ್ಮಾನಜ್ಜ ಒಲೆಯ ಕಡೆ ಮುಖ ತಿರುಗಿಸಿಕೊಂಡರು. ನಕ್ಕಿರಬೇಕು.

ಹನ್ನೊಂದು ದಿನ ಅವರು ದಿನಾ ಬಂದರು. ಕಾದ ಚಾಕು ಹಿಡಿದು ನಾನು ಗೀರುತ್ತಿದ್ದೆ, ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು ಟೈರು ತಿರುಗಿಸುತ್ತಿದ್ದರು. ಒಂದು ಟೈರಿಗೆ ಇನ್ನೂರ ನಲವತ್ತು ಗೀರು. ಹೆಚ್ಚು ಮಾತಿರಲಿಲ್ಲ. "ಸ್ವಲ್ಪ ಈ ಕಡೆ," "ಸಾಕು," "ಚಹಾ ಕುಡೀತೀರಾ," ಇಷ್ಟೇ. ಮೊದಮೊದಲು ತೊಯ್ದ ಬಟ್ಟೆಯಲ್ಲೇ ಕೂತಿರುತ್ತಿದ್ದವರು ನಾಲ್ಕನೇ ದಿನದಿಂದ ಒಂದು ಒಣ ಅಂಗಿಯನ್ನು ಷೆಡ್ಡಿನಲ್ಲೇ ಮೊಳೆಗೆ ಹಾಕಿ ಹೋಗತೊಡಗಿದರು. ಒಂದು ಮಧ್ಯಾಹ್ನ ನನ್ನ ಕಿರುಬೆರಳಿಗೆ ಚಾಕು ತಾಗಿ ಸುಟ್ಟಿತು. ಅವರು ಎದ್ದು, ಕೈ ಹಿಡಿದು ಬಾಗಿಲಾಚೆ ಮಳೆಗೆ ಒಡ್ಡಿಸಿ, ಉರಿ ಹೋಗುವ ತನಕ ಹಾಗೇ ಹಿಡಿದುಕೊಂಡು ನಿಂತರು. ಅವರ ತೋಳೆಲ್ಲ ನೆನೆಯಿತು. ಆಮೇಲೆ ಇಬ್ಬರೂ ಬಂದು ಕೂತು ಕೆಲಸ ಮುಂದುವರಿಸಿದೆವು. ಪಿಟ್ಟಿಗೆ ನಿಲ್ಲುತ್ತೇನೆ ಅಂತ ನಾನು ಹೇಳಲೂ ಇಲ್ಲ, ಅವರು ಮತ್ತೆ ಕೇಳಲೂ ಇಲ್ಲ. ಓಟದ ಬೆಳಿಗ್ಗೆ ಕಾವು ಆರದ ಹಾಗೆ ಟೈರುಗಳಿಗೆ ಕಂಬಳಿ ಹೊದಿಸಿ, ತಳ್ಳುಗಾಡಿಯಲ್ಲಿ ಪಿಟ್ಟಿಗೆ ತಂದವಳು ನಾನೇ.

ಓಟ ಶುರುವಾದದ್ದು ಮಧ್ಯಾಹ್ನ ಎರಡಕ್ಕೆ. ಹಸಿರು ಪಟ್ಟಿಯ ಎರಡು ಕಾರು ಮೂರನೇ ಸುತ್ತಿನೊಳಗೇ ಮಳೆಯಲ್ಲಿ ಜಾರಿ ರಸ್ತೆ ಬಿಟ್ಟವು. ಕೆಂಪು ಹಾಕಿಕೊಂಡವನೊಬ್ಬ ಹಕ್ಕಿಯ ಹಾಗೆ ಹಾರಿ ಹತ್ತನೇ ಸುತ್ತಿಗೆ ದಾರದಂತೆ ಸವೆದ ಟೈರಿನಲ್ಲಿ ಪಿಟ್ಟಿಗೆ ಬಂದು ದಂಡಕ್ಕೆ ನಿಂತ. ಒಂಬತ್ತನೇ ನಂಬರು ಅವಸರ ಮಾಡಲಿಲ್ಲ. ಮಳೆಯಿಂದ ಹೊರಬಂದು ಬಿಸಿಲಿಗೆ ಬೀಳುವಾಗ ಅದರ ನಾಲ್ಕೂ ಟೈರಿನಿಂದ, ಆಗತಾನೆ ಇಳಿಸಿದ ಇಡ್ಲಿಯ ತಟ್ಟೆಯಿಂದ ಏಳುವ ಹಾಗೆ ಹಬೆ ಏಳುತ್ತಿತ್ತು. ಹದಿನೈದನೇ ಸುತ್ತಿನಲ್ಲಿ ಅವರು ಎಲ್ಲರಿಗಿಂತ ಮುಂದಾದರು. ಬಿಸಿಲುಕೇರಿಯ ಮಹಡಿಗಳ ಮೇಲಿಂದ ಜನ ಕೂಗುವುದು ಪಿಟ್ಟಿಗೆ ಕೇಳಿಸುತ್ತಿತ್ತು. ಹದಿನಾರು ಸಲ ಓಡಿ ಒಮ್ಮೆಯೂ ಗೆಲ್ಲದ ಮನುಷ್ಯ. ಸುತ್ತು ಸುತ್ತಿಗೂ ನನ್ನ ಕಣ್ಣು ಒಂದೇ ಕಡೆ, ಹಿಂದಿನ ಎಡಗಾಲಿ. ಹದಿನೆಂಟು, ಚೆನ್ನಾಗಿದೆ. ಹತ್ತೊಂಬತ್ತು, ಇಪ್ಪತ್ತು, ಚೆನ್ನಾಗಿದೆ.

ಇಪ್ಪತ್ತೊಂದರಲ್ಲಿ ಆ ಟೈರಿನ ಒಳಅಂಚಿನಲ್ಲಿ ಒಂದು ಬೆರಳಗಲ ಬಿಳಿ ಕಂಡಿತು.

ರಬ್ಬರು ಪೂರ್ತಿ ಸವೆದರೆ ಒಳಗಿನ ನೂಲು ಬಿಳಿಯಾಗಿ ಕಾಣುತ್ತದೆ. ನೂಲು ಕಂಡ ಟೈರು ಇನ್ನೊಂದು ಸುತ್ತು ಬಂದರೆ ಪುಣ್ಯ. ನಿಜವಾಗಿ ನೂಲೇ ಕಂಡೆನೋ, ಹಬೆಯೋ, ನನ್ನ ಭಯವೋ, ಯೋಚಿಸಲು ಹೊತ್ತಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಹುಲ್ಲಿನ ಪಿಂಡಿಗಳ ಮೇಲೆ ಮಗುಚಿಬಿದ್ದ ಕಾರು. ಕೈ ತಾನಾಗಿ ಹಲಗೆ ಎತ್ತಿತು. ಅವರ ಹೆಲ್ಮೆಟ್ಟು ಒಂದಿಷ್ಟೂ ಅಲ್ಲಾಡಲಿಲ್ಲ, ಕಾರು ಬಿಸಿಲಿನೊಳಗೆ ಹೋಯಿತು. ಪಿಟ್ಟಿನಲ್ಲಿದ್ದ ಟೀಮಿನ ಯಜಮಾನ ತಲೆಯ ಮೇಲೆ ಕೈಯಿಟ್ಟುಕೊಂಡು, "ಮೂರೇ ಸುತ್ತು ಕಣಮ್ಮಾ! ಮೂರೇ ಸುತ್ತು ಇತ್ತು!" ಅಂದ. ಆ ಒಂದು ಸುತ್ತಿಗೆ ಎರಡೂವರೆ ನಿಮಿಷ ಹಿಡಿಯುತ್ತದೆ. ಆ ಎರಡೂವರೆ ನಿಮಿಷ ನಾನು ಬಿಸಿಲುಕೇರಿಯ ಕಡೆಗೆ ಕಿವಿಯಿಟ್ಟು, ಒಂದು ಸದ್ದಿಗಾಗಿ, ಆ ಸದ್ದು ಬರದಿರಲಿ ಎಂದು ಕಾದೆ. ದೇವರಿಗೆ ಹರಕೆ ಹೇಳಿಕೊಳ್ಳೋಣವೆಂದರೆ ಯಾವ ದೇವರ ಹೆಸರೂ ನೆನಪಿಗೆ ಬರಲಿಲ್ಲ. ಆಮೇಲೆ ಮಳೆಯೊಳಗಿಂದ ಒಂಬತ್ತನೇ ನಂಬರು ಕಾಣಿಸಿತು. ವೇಗ ಇಳಿಸಿ, ಬಲಕ್ಕೆ ತಿರುಗಿ, ಒಳಗೆ ಬಂತು.

ನಾಲ್ಕೂ ಟೈರು ಕಳಚಿ ಹೊಸದು ಹಾಕಲು ಐದು ಎಣಿಸುವಷ್ಟು ಹೊತ್ತು ಸಾಕಾಯಿತು. ಮಿಕ್ಕ ಇಪ್ಪತ್ತೈದನ್ನು ಮಂಡಳಿಯ ಮನುಷ್ಯ ಗಟ್ಟಿಯಾಗಿ ಎಣಿಸಿದ. ನಾನು ಕಾರಿನ ಪಕ್ಕದಲ್ಲೇ ಇದ್ದೆ. ಅವರು ನೇರ ಮುಂದೆ ನೋಡುತ್ತಿದ್ದರು. ಒಂದು, ಎರಡು, ಮೂರು ಕಾರು ನಮ್ಮ ಮುಂದೆ ಹಾದುಹೋದವು. ಕಳಚಿದ ಟೈರುಗಳನ್ನು ಕೂಡಲೇ ಗೋಣಿಯಲ್ಲಿ ಹೊಲಿದು ಮುದ್ರೆ ಹಾಕಿ ಷೆಡ್ಡಿಗೆ ಕಳಿಸುವುದು ಕ್ರಮ. ಹಾಗೆ ಕಳಿಸಿದರು. ಒಂಬತ್ತನೇ ನಂಬರು ನಾಲ್ಕನೆಯದಾಗಿ ಓಟ ಮುಗಿಸಿತು. ಗೆದ್ದವನ ಮೇಲೆ ಜನ ಹೂ ಎಸೆಯುತ್ತಿದ್ದಾಗ, ಹೋಗುವವರು ಬರುವವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ಉಸ್ಮಾನಜ್ಜನೂ ನಾನೂ ಗೋಣಿ ಬಿಚ್ಚಿದೆವು. ಹಿಂದಿನ ಎಡಗಾಲಿಯ ಟೈರನ್ನು ಅಡ್ಡಡ್ಡ ಕೊಯ್ದೆ. ರಬ್ಬರು ಇನ್ನೂ ಅರ್ಧ ಬೆರಳು ದಪ್ಪ ಇತ್ತು. ಮೂರಲ್ಲ, ಏಳೆಂಟು ಸುತ್ತಿಗೆ ಸಾಕಾಗುವಷ್ಟು. ನೂಲು ಎಲ್ಲೂ ಇಣುಕಿರಲಿಲ್ಲ. ಬಿಳಿಯಾಗಿ ಕಂಡದ್ದು ನಾನು ಗೀರಿದ ಗೀರುಗಳೊಳಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಬಂತು. ಸುಣ್ಣ. ಓಟಕ್ಕೆ ದೊಡ್ಡ ಮನುಷ್ಯರು ಬರುತ್ತಾರೆಂದು ಪಿಟ್ಟಿಗೆ ಸ್ವಲ್ಪ ಮುಂಚಿನ ಮಳೆ ತಿರುವಿನ ಅಂಚುಗಲ್ಲಿಗೆ ಅವತ್ತು ಬೆಳಿಗ್ಗೆ ಯಾರೋ ಸುಣ್ಣ ಬಳಿಸಿದ್ದರು. ಮಳೆಯಲ್ಲಿ ಸುಣ್ಣ ಒಣಗುವುದುಂಟೆ? ನಿಧಾನದ ಕಾರೊಂದನ್ನು ಹಿಂದೆ ಹಾಕುವಾಗ ಅವರ ಚಕ್ರ ಅಂಚಿಗೆ ಹತ್ತಿ ಅದನ್ನು ಮೆತ್ತಿಕೊಂಡಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಜ್ಜ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಕರಗಿಸೋಕೆ ಹಾಕಿಬಿಡು ಮಗಳೇ" ಅಂದರು. "ಹಳೇ ಟೈರೆಲ್ಲ ಇವತ್ತು ಒಲೆಗೆ ಹೋಗೋದೇ. ಯಾರೂ ಕೇಳಲ್ಲ. ನೀನು ಅವನ ಜೀವ ಉಳಿಸಿದೆ ಅಂತಲೇ ಅವನು ಅಂದ್ಕೊಂಡಿರ್ಲಿ. ಅದರಿಂದ ಯಾರಿಗೇನು ನಷ್ಟ?"

ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಲೆಯ ಬಾಗಿಲು ತೆರೆದೇ ಇತ್ತು. ಆದರೆ ನಾಲ್ಕು ವರ್ಷ ನಾನು ಅಟ್ಟದ ಮೇಲೆ ಮಲಗಿದ್ದು ಒಂದು ಸುಳ್ಳಿನಿಂದ. ಇನ್ನೊಂದನ್ನು ಹೊತ್ತುಕೊಂಡು ಕೆಳಗಿಳಿಯಲು ಮನಸ್ಸು ಒಪ್ಪಲಿಲ್ಲ. ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಗೆರೆ ದಾಟಿದೆ.

ಅವರು ಜಗಲಿಯ ಮೇಲೆ ಕೂತು, ಅತ್ತೆ ಒಣಹಾಕಿದ ಸಂಡಿಗೆಗೆ ಕಾಗೆ ಬರದಂತೆ ಕೋಲು ಹಿಡಿದು ಕಾಯುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾನು ಕೂರಲಿಲ್ಲ. ತುಂಡನ್ನು ಅವರ ಮುಂದೆ ಇಟ್ಟು, "ಟೈರು ಚೆನ್ನಾಗೇ ಇತ್ತು" ಅಂದೆ. "ನಾನು ತಪ್ಪು ನೋಡ್ದೆ. ಸುಣ್ಣ ನೋಡಿ ನೂಲು ಅಂದ್ಕೊಂಡೆ. ನೀವು ಗೆಲ್ತಿದ್ರಿ. ನಿಮ್ಮ ಕಡೇ ಓಟಾನ ನಾನೇ ಹಾಳು ಮಾಡ್ದೆ."

ಅವರು ಬಗ್ಗಿ ತುಂಡನ್ನು ಎತ್ತಿಕೊಳ್ಳಲೂ ಇಲ್ಲ. "ಗೊತ್ತಿತ್ತು" ಅಂದರು.

"ಏನು ಗೊತ್ತಿತ್ತು?"

"ಟೈರು ಚೆನ್ನಾಗಿದೆ ಅಂತ. ಸ್ಟೇರಿಂಗು ಹಿಡ್ಕೊಂಡವನಿಗೆ ಗೊತ್ತಾಗಲ್ವಾ ಮಂದಾ? ಬೆಣ್ಣೆ ಹಾಗೆ ತಿರುಗ್ತಿತ್ತು. ಇನ್ನೂ ಹತ್ತು ಸುತ್ತು ಬರ್ತಿತ್ತು."

ನನಗೆ ಸಿಟ್ಟು ಬಂತು, ನಿಜವಾಗಿಯೂ ಬಂತು. "ಮತ್ಯಾಕೆ ಒಳಗೆ ಬಂದ್ರಿ?"

"ನೀನು ಕರೆದೆಯಲ್ಲ" ಅಂದರು. ಕೋಲಿನ ತುದಿಯಿಂದ ನೆಲ ಕೆದಕಿದರು. "ಅವತ್ತು ಟೈರು ಹೋಗಿತ್ತು. ಅದೂ ಗೊತ್ತಿತ್ತು ನನಗೆ. ನೀನು ಎರಡು ಸಲ ಕರೆದೆ, ಗೆಲ್ಲೋ ಆಸೆಗೆ ಬರ್ಲಿಲ್ಲ. ಆಸ್ಪತ್ರೇಲಿ ಅಷ್ಟು ಜನದ ಮುಂದೆ ಅದನ್ನ ಒಪ್ಕೊಳ್ಳೋಕೆ ನಾಚಿಕೆಯಾಯ್ತು. ಸುಳ್ಳು ಹೇಳ್ದೆ. ಆಮೇಲೆ ಅದನ್ನ ನಿನ್ನ ಹತ್ರ ಬಂದು ಹೇಳೋಕೆ ಇನ್ನೂ ನಾಚಿಕೆ. ನಾಲ್ಕು ವರ್ಷ ಅದರಲ್ಲೇ ಹೋಯ್ತು."

ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಯಾರದು, ಮಂದಾನಾ? ಬಿಸಿಲಲ್ಲಿ ಯಾಕೆ ನಿಲ್ಲಿಸ್ಕೊಂಡು ಮಾತಾಡ್ತೀಯೋ, ಒಳಗೆ ಕರಿ. ತಟ್ಟೆ ಹಾಕಿದ್ದೀನಿ" ಅಂದರು. ನಾವಿಬ್ಬರೂ ಒಳಗೆ ಹೋದೆವು. ಹಾಗಲಕಾಯಿ ಗೊಜ್ಜು, ಮೊಸರು. ನನಗೆ ಅಳು ಬರುತ್ತಿತ್ತು, ಹಸಿವೂ ಆಗಿತ್ತು. ಎರಡನ್ನೂ ಒಟ್ಟಿಗೇ ತೀರಿಸಿಕೊಂಡೆ. ಅತ್ತೆ ನೋಡಿಯೂ ನೋಡದವರ ಹಾಗೆ ಇನ್ನೊಂದು ಸೌಟು ಅನ್ನ ಬಡಿಸಿದರು.

ಓಟದ ಹಿಂದಿನ ಎರಡು ದಿನ ನಾನು ಕಣ್ಣು ಮುಚ್ಚಿರಲಿಲ್ಲ. ಊಟವಾದ ಮೇಲೆ ಅತ್ತೆ ಒಳಕೋಣೆಯಲ್ಲಿ ಚಾಪೆ ಹಾಸಿ ಬಲವಂತವಾಗಿ ಮಲಗಿಸಿದರು. ಮೈಯೆಲ್ಲ ದಣಿದಿದ್ದರೂ ನಿದ್ದೆ ಹತ್ತಲಿಲ್ಲ. ಮಳೆಕೇರಿಯಲ್ಲಿ ಹುಟ್ಟಿದವರ ಕಷ್ಟವೇ ಅದು. ಮಳೆಯ ಸದ್ದಿಲ್ಲದ ಮಾಡಿನ ಕೆಳಗೆ ನಮಗೆ ಸುಲಭಕ್ಕೆ ಕಣ್ಣು ಕೂಡುವುದಿಲ್ಲ, ಇಲ್ಲಿದ್ದ ಒಂಬತ್ತು ವರ್ಷವೂ ನನಗೆ ಅದೇ ಪಾಡು. ಹೊರಳಾಡುತ್ತಿದ್ದಾಗ ಮೇಲೆ ತಗಡಿನ ಮಾಡಿನ ಮೇಲೆ ಯಾರೋ ಹೆಜ್ಜೆಯಿಟ್ಟ ಸದ್ದಾಯಿತು. ಆಮೇಲೆ ಪಟಪಟ ಹನಿ ಬಿದ್ದವು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದೇ ಸಮನೆ. ಸ್ವಲ್ಪ ನಿಲ್ಲುತ್ತಿತ್ತು, ಬಕೆಟ್ಟು ತುಂಬಿಕೊಳ್ಳುವಷ್ಟು ಹೊತ್ತು, ಮತ್ತೆ ಶುರುವಾಗುತ್ತಿತ್ತು. ಅರೆನಿದ್ದೆಯಲ್ಲಿ ಪಕ್ಕದ ಮನೆಯ ಶಾಂತವೀರಣ್ಣನ ದನಿ ಕೇಳಿಸಿತು.

"ಏನಯ್ಯಾ ತಿಪ್ಪೇಶಿ, ಕುಡಿಯೋ ನೀರನ್ನ ಮಾಡಿನ ಮೇಲೆ ಸುರೀತಿದ್ದೀಯಲ್ಲ, ಸೋತಿದ್ದಕ್ಕೆ ತಲೆಗಿಲೆ ಕೆಡ್ತಾ?"

"ಮೆಲ್ಲಗೆ ಮಾತಾಡಣ್ಣ" ಅಂದರು ಅವರು ಮೇಲಿನಿಂದ. "ಮಂದಾ ಮಲಗಿದ್ದಾಳೆ."